ಹೂ ಬಿಡುವ ತನಕ ಹೋಲ್ಡ್

ನಾನು ಮನೆ ಅಳಿಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಜಿಗಣಿಯಲ್ಲಿ ನನ್ನ ಬಗ್ಗೆ ಯಾರನ್ನು ಕೇಳಿದರೂ ಮೊದಲು ಅದನ್ನೇ ಹೇಳುತ್ತಾರೆ. ಇಲ್ಲಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡಿ ಪಾಸು ಮಾಡುವ ಇನ್‌ಸ್ಪೆಕ್ಟರ್ ನಾನು ಅನ್ನುವುದು ಆಮೇಲಿನ ಮಾತು. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿದ್ದರು, ನಾನು ಬೆಳೆದದ್ದು ಕ್ವಾರ್ಟರ್ಸಿನಲ್ಲಿ. ಅಲ್ಲಿ ಬೇಕಾದಷ್ಟು ಮರಗಳಿದ್ದವು, ಒಂದೂ ನಮ್ಮದಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ, "ಬ್ಯಾರೆ ಮನೆ ಸಿಗೋಗಂಟ ಇಲ್ಲೇ ಇರಿ ಅಳಿಯಂದ್ರೇ" ಅಂದರು. ಬೇರೆ ಮನೆ ಇನ್ನೂ ಸಿಕ್ಕಿಲ್ಲ. ಮಗಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ.

ಅತ್ತೆಯ ಮನೆಯಲ್ಲಿ ಅಳಿಯ ಅಂದರೆ ನೆಂಟ. ನೆಂಟನ ಕೈಲಿ ಕೆಲಸ ಮಾಡಿಸಬಾರದು. ನೀರಿನ ಕೊಡಕ್ಕೆ ಕೈ ಹಾಕಿದರೆ "ಅಯ್ಯೋ ಬಿಡಿ, ನೀವ್ಯಾಕೆ" ಅನ್ನುತ್ತಾರೆ. ಸೋರುವ ನಲ್ಲಿಗೆ ಸ್ಪ್ಯಾನರ್ ಹಿಡಿದರೆ ಬಾಮೈದ ಬಂದು ಕಿತ್ತುಕೊಳ್ಳುತ್ತಾನೆ. ಹೀಗೆ ಕೂರಿಸಿ ಕೂರಿಸಿ ಇಟ್ಟವರೇ, ನಾಲ್ಕು ಜನ ನೆಂಟರು ಸೇರಿದಾಗ "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಅಂತ ಗಾದೆ ಹೇಳಿ ನಗುತ್ತಾರೆ. ಸಂಬಳ ತರುತ್ತೇನಲ್ಲ ಅಂತ ಜಗಳಕ್ಕೆ ನಿಲ್ಲುವ ಹಾಗೂ ಇಲ್ಲ, ನಗೆಚಾಟಿಕೆ ಅದು. ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಮನೆಯ ಹಿಂದೆ ಒಂದು ಮಾವಿನ ಮರವಿದೆ. ಹಿಂದೆ ಇದೊಂದು ತೋಪೇ ಆಗಿತ್ತಂತೆ. ಕೈಗಾರಿಕಾ ಪ್ರದೇಶ ಬಂದಾಗ ತೋಪೆಲ್ಲ ಆ ಕಡೆ ಹೋಯಿತು, ಗಡಿಕಲ್ಲಿನ ಈ ಕಡೆ ನಿಂತಿದ್ದ ಇದೊಂದು ಉಳಿಯಿತು. ಹುಳಿ ಮಾವು, ಉಪ್ಪಿನಕಾಯಿಗೆ ಹೇಳಿ ಮಾಡಿಸಿದ್ದು. ಮರದ ಒಂದು ಮಗ್ಗುಲಿಗೆ ನಮ್ಮ ಬಾಡಿಗೆ ಮನೆಗಳ ಸಾಲು, ಇನ್ನೊಂದು ಮಗ್ಗುಲಿಗೆ ಕಾಂಪೌಂಡು, ಅದರಾಚೆ ಗ್ರಾನೈಟ್ ಕೊಯ್ಯುವ ಶೆಡ್ಡು. ಕಲ್ಲಿನ ಬಿಳಿ ಧೂಳು ಎಲೆಗಳ ಮೇಲೆ ಯಾವಾಗಲೂ ಕೂತಿರುತ್ತದೆ. ನಾಲ್ಕಾರು ವರ್ಷಗಳಿಂದ ಮರ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತ ಬಂದು, ಹೋದ ವರ್ಷದ ಹಿಂದಿನ ವರ್ಷ ಒಂದು ಜಾಡಿಗೂ ಆಗುವಷ್ಟು ಕೊಡಲಿಲ್ಲ. ಬಾಮೈದ ನೇರವಾಗಿ ಹೇಳಿದ: "ಅಮ್ಮ, ಇನ್ನೊಂದು ವರ್ಸ ನೋಡಾಣ. ಕಾಯಿ ಬಿಡ್ಲಿಲ್ಲ ಅಂದ್ರೆ ಕಡ್ದು ಇನ್ನೆರಡು ರೂಮ್ ಎಬ್ಬಿಸ್ಬಿಡ್ತೀನಿ."

ಅತ್ತೆ ಎದ್ದು ಒಳಗೆ ಹೋದರು. ಆ ಮರಕ್ಕೆ ಏನಾದರೂ ಆದರೆ ಅವರು ಊಟ ಬಿಡುತ್ತಾರೆ ಅಂತ ನನ್ನ ಹೆಂಡತಿ ಆ ರಾತ್ರಿ ಹೇಳಿದಳು.

ಅತ್ತೆಯ ಪ್ರಕಾರ ಮರದ ಕಾಯಿಲೆ ಎಲ್ಲರಿಗೂ ಗೊತ್ತಿದ್ದದ್ದೇ. ಬದನಿಕೆ. ಮರದ ಮೇಲೆ ಹುಟ್ಟಿ ಮರದ ರಸ ಹೀರಿ ಬದುಕುವ ಗಿಡ. ಸಂಕ್ರಾಂತಿಯ ಮಾರನೆಯ ದಿನ, ಮಾವು ಹೂ ಬಿಡುವ ಹೊತ್ತಿಗೆ, ಮರ ಹತ್ತಿ ಬದನಿಕೆ ಕೆರೆಯುವುದು ಈ ಮನೆಯ ಪದ್ಧತಿ. ಮೊದಲು ಮಾವ ಹತ್ತುತ್ತಿದ್ದರು, ಅವರು ಹೋದ ಮೇಲೆ ಬಾಮೈದ. ಕೆಳಗೆ ನಿಂತು "ಅಲ್ಲೊಂದದೆ ನೋಡು, ಇಲ್ಲೊಂದದೆ ನೋಡು" ಅಂತ ತೋರಿಸುವವರು ಅತ್ತೆ ಮತ್ತು ಹಬ್ಬಕ್ಕೆ ಬಂದ ಅವರ ಅಣ್ಣ. ಕುರ್ಚಿಯಲ್ಲಿ ಕೂತು ಕಬ್ಬು ಸಿಗಿಯುವವನು ನಾನು.

ಹೋದ ವರ್ಷದ ಸಂಕ್ರಾಂತಿಯ ಹೊತ್ತಿಗೆ ಬಾಡಿಗೆ ಮನೆಗಳ ಮೇಲೆ ಒಂದು ಅಂತಸ್ತು ಏರಿತ್ತು. ಹಾಗಾಗಿ ಅಲ್ಲಿಯವರೆಗೆ ಯಾರ ಕೈಗೂ ಎಟುಕದಿದ್ದ ಎತ್ತರದ ಕವಲು ಈಗ ಹೊಸ ತಾರಸಿಯಿಂದ ಕೈಗೆ ಸಿಗುವ ಹಾಗಿತ್ತು. ಆ ಕವಲಿನಲ್ಲಿ ಒಂದು ದೊಡ್ಡ ಪೊದೆ ಕೂತಿತ್ತು. ಬಾಮೈದ ಮಚ್ಚಿನಿಂದ ಅದರ ಒಂದು ತುದಿ ಕಡಿದ. ಅದು ಬಂದು ನನ್ನ ಕುರ್ಚಿಯ ಹತ್ತಿರವೇ ಬಿತ್ತು.

ಅಳತೆ ನೋಡುವವನ ಚಟ. ಎತ್ತಿಕೊಂಡು ತಿರುಗಿಸಿ ನೋಡಿದೆ. ಕಲ್ಲಿನ ಧೂಳನ್ನು ಪಂಚೆಯಲ್ಲಿ ಒರೆಸಿದೆ. ಎಲೆಗಳು ಉದ್ದ, ಕಿರಿದು, ಎರಡೇ ಸಾಲಿನಲ್ಲಿ ಎದುರುಬದುರು ಕೂತಿವೆ. ಪ್ರತಿ ಎಲೆಯೂ ನಡುವೆ ಮಡಿಸಿ ದೋಣಿಯ ಹಾಗಿದೆ. ತುದಿ ಚೂಪಾಗಿಲ್ಲ, ಇಲಿ ಕಚ್ಚಿ ಬಿಟ್ಟ ಹಾಗೆ ಏರುಪೇರು ಹಲ್ಲು. ಒಂದೆಲೆಯದಾದರೆ ಹುಳ ತಿಂದಿದೆ ಅನ್ನಬಹುದಿತ್ತು. ಎಲ್ಲ ಎಲೆಗಳಿಗೂ ಹಾಗೇ ಇತ್ತು, ಅಂದರೆ ಅದರ ಡ್ರಾಯಿಂಗೇ ಹಾಗೆ. ಬೇರುಗಳು ಬಳಪದಷ್ಟು ದಪ್ಪ, ಬೂದುಬಿಳುಪು, ತುದಿ ಮಾತ್ರ ಹಸಿರು. ಬೇರಿನ ಬೆನ್ನಿಗೆ ಮಾವಿನ ತೊಗಟೆಯ ಪುಡಿ ಒಂದಿಷ್ಟು ಅಂಟಿತ್ತು. ಅಷ್ಟೇ. ಒಳಮರದ ಒಂದು ಎಳೆಯೂ ಅದರ ಜತೆ ಕಿತ್ತು ಬಂದಿರಲಿಲ್ಲ.

"ಇದು ಮರದ ರಸ ಕುಡಿಯುತ್ತೆ ಅಂತೀರಲ್ಲ, ಬಾಯಿ ಎಲ್ಲಿದೆ?" ಅಂದೆ.

ಅತ್ತೆಯ ಅಣ್ಣ ಕಬ್ಬು ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಬದನಿಕೆ ಕಷ್ಟ ಬದನಿಕೆಗೇ ಗೊತ್ತು ಬಿಡಿ," ಅಂದರು. "ಮರಕ್ಕೊಂದು, ಮನೆಗೊಂದು."

ಬಾಮೈದ ಮೇಲಿಂದಲೇ ನಕ್ಕ. ನನ್ನ ಹೆಂಡತಿಗೂ ನಗು ಬಂತು, ತಡೆದುಕೊಂಡಳು. ಅತ್ತೆ ಮಾತ್ರ ನಗಲಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು ನನಗೆ. ಎಲ್ಲಿಗೆ ಹೋಗುವುದು? ಎದ್ದವನು ತಾರಸಿ ಹತ್ತಿದೆ.

ನಮ್ಮ ವಿಭಾಗದಲ್ಲಿ ಮೂರು ಬಣ್ಣದ ಚೀಟಿಗಳಿವೆ. ಹಸಿರು ಅಂದರೆ ಪಾಸು, ಕೆಂಪು ಅಂದರೆ ಗುಜರಿ. ಹಳದಿ ಅಂದರೆ ಹೋಲ್ಡ್: ಸರಿಯೋ ತಪ್ಪೋ ಇನ್ನೂ ತೀರ್ಮಾನ ಆಗಿಲ್ಲ, ಆಗುವ ತನಕ ಯಾರೂ ಮುಟ್ಟಬಾರದು. ಕಂಪನಿಯ ಚೀಟಿಗಳು ನನ್ನ ಬ್ಯಾಗಿನ ತಳದಲ್ಲಿ ಯಾವಾಗಲೂ ಒಂದೆರಡು ಬಿದ್ದಿರುತ್ತವೆ. ಒಂದು ಹಳದಿ ಚೀಟಿಯನ್ನು ತಂದು ಕವಲಿನ ಪೊದೆಗೆ ಕಟ್ಟಿದೆ.

"ಏನದು?" ಅಂದರು ಅತ್ತೆ ಕೆಳಗಿನಿಂದ.

"ಹೂ ಬಿಡಲಿ ಅತ್ತೆ. ಹೂ ನೋಡಿದರೆ ಏನು ಅಂತ ಖಚಿತವಾಗುತ್ತೆ. ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ."

"ನಂಗೇನು ಅದರ್ ಮ್ಯಾಲೆ ಸಿಟ್ಟಿಲ್ಲ. ನನ್ ಮರ ಉಳೀಬೇಕು, ಅಷ್ಟೇಯ." ಅಳಿಯ ಕೇಳಿದ್ದಕ್ಕೆ ಇಲ್ಲ ಅನ್ನುವುದೂ ಆ ಮನೆಯಲ್ಲಿ ಇಲ್ಲ. "ಊವು ಬಿಡೋಗಂಟ ಇರ್ಲಿ. ಆಮ್ಯಾಕೆ ಬದನಿಕೆನೇ ಅಂತಾದ್ರೆ ನಾನೇ ಕೀಳುಸ್ತೀನಿ. ಆಗ ನೀವು ಚೀಟಿ ಗೀಟಿ ಅನ್ನಂಗಿಲ್ಲ."

ಹೀಗೆ ನನ್ನ ಮರ್ಯಾದೆ ಒಂದು ಗಿಡದ ಜತೆ ಆ ಕವಲಿಗೆ ಕಟ್ಟಿಕೊಂಡಿತು.

ಫೋನಿನಲ್ಲಿ ಫೋಟೋ ತೋರಿಸಿದರೆ ಗಿಡದ ಹೆಸರು ಹೇಳುವ ಆ್ಯಪ್ ಇದೆ. ಬೆಳಿಗ್ಗೆ ಒಂದು ಹೆಸರು ಹೇಳಿತು, ಸಂಜೆಯ ಬೆಳಕಿನಲ್ಲಿ ಇನ್ನೊಂದು. ಆರ್ಕಿಡ್ ಅನ್ನುವಷ್ಟರ ಮಟ್ಟಿಗೆ ಮಾತ್ರ ಎರಡು ಸಲವೂ ಒಪ್ಪಿಕೊಂಡಿತು. ಆರ್ಕಿಡ್ ಅಂದರೆ ಮದುವೆ ಮಂಟಪಕ್ಕೆ ಡಬ್ಬದಲ್ಲಿ ಬರುವ ನೇರಳೆ ಹೂ ಅಂತ ತಿಳಿದಿದ್ದವನು ನಾನು. ಗ್ರಾನೈಟ್ ಧೂಳು ತಿಂದುಕೊಂಡು ನಮ್ಮ ಮಾವಿನ ಮೇಲೆ ಒಂದು ಕಾಡು ಆರ್ಕಿಡ್ ಕೂತಿದೆ ಅನ್ನುವುದನ್ನು ನಂಬಲು ನನಗೇ ಕಷ್ಟವಾಯಿತು. ಗಿಡಗಳ ಬಗ್ಗೆ ಆಸಕ್ತಿ ಇರುವವರ ಗುಂಪೊಂದಕ್ಕೆ ಫೋಟೋ ಕಳಿಸಿದೆ. ಈ ಕಡೆ ಹಳೇ ಮರಗಳ ಮೇಲೆ ಸಿಗುವಂಥದ್ದು ಎರಡು ಮೂರು ಜಾತಿ ಇವೆ, ಎಲೆಯಲ್ಲೇ ಹೇಳುವುದು ಅಪಾಯ ಅಂತ ಉತ್ತರ ಬಂತು. ಎಲೆ ದಪ್ಪ ಪಟ್ಟಿಯ ಹಾಗೆ, ಬಗ್ಗಿಸಿದರೆ ಬಗ್ಗದ ಹಾಗಿದ್ದರೆ ಅಕಾಂಪೆ ಇರಬಹುದು. ದೋಣಿಯ ಹಾಗೆ ಮಡಿಸಿ ತುದಿ ಕಚ್ಚಿದ ಹಾಗಿದ್ದರೆ ವಾಂಡಾ. ವಾಂಡಾಗಳಲ್ಲೂ ಯಾವುದು ಅಂತ ಹೂವೇ ಹೇಳಬೇಕು. ನನಗೆ ಖುಷಿಯಾಯಿತು. ಅನುಮಾನ ಇದ್ದಾಗ ಇದೆ ಅಂತ ಹೇಳುವ ಜನ ನಮ್ಮ ಕಸುಬಿನಲ್ಲೂ ಕಡಿಮೆ.

ಕೆಳಗೆ ಬಿದ್ದಿದ್ದ ತುಂಡನ್ನು ತೆಂಗಿನ ಸಿಪ್ಪೆಗೆ ಕಟ್ಟಿ ಬಚ್ಚಲ ಗೋಡೆಗೆ ನೇತುಹಾಕಿದ್ದೆ. ಒಂದು ದಿನ ಮುಖ ತೊಳೆದ ನೀರು ಅದರ ಮೇಲೆ ಚಿಮ್ಮಿತು. ನೋಡುತ್ತಿದ್ದ ಹಾಗೇ ಬೂದಿ ಬಣ್ಣದ ಬೇರು ಹಸಿರಾಯಿತು! ಇನ್ನೊಂದು ಬೇರಿಗೆ ಬೆರಳಿನಿಂದ ನೀರು ಹಚ್ಚಿದೆ, ಅದೂ ಹಸಿರಾಯಿತು. ಆ ಬಿಳುಪು ಬರೀ ಮೇಲುಹೊದಿಕೆ, ನೀರು ಕುಡಿದಾಗ ಒಳಗಿನ ಹಸಿರು ಕಾಣುತ್ತದೆ. ಮಳೆ ನೀರು, ಇಬ್ಬನಿ, ಗಾಳಿಯ ಧೂಳು, ಇಷ್ಟರಲ್ಲಿ ಅದರ ಸಂಸಾರ. ಮರದ ಮೇಲೆ ಅದು ಕೂತಿರುತ್ತದೆ, ಅಷ್ಟೇ. ಹಲ್ಲುಜ್ಜುವ ಬ್ರಷ್ಷು ಕೈಯಲ್ಲೇ ಹಿಡಿದುಕೊಂಡು ಅತ್ತೆಯನ್ನು ಕರೆದು ತೋರಿಸಿದೆ.

"ನೋಡಿ, ಇದರ ಬೇರು ಕೂಡ ಹಸಿರು. ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತೆ."

ಅತ್ತೆ ಬಗ್ಗಿ ನೋಡಿದರು. "ಅಸಿರಾದ್ರೆ ಏನಾತು? ಬದನಿಕೆ ಎಲೆನೂ ಅಸಿರೇ ಇರ್ತದೆ."

ಅವರು ಹೇಳಿದ್ದು ಪೂರ್ತಿ ಸರಿ ಅಂತ ಆಮೇಲೆ ಓದಿದಾಗ ಗೊತ್ತಾಯಿತು. ನಿಜವಾದ ಬದನಿಕೆಗೂ ಹಸಿರು ಎಲೆ ಇದೆ. ಅದು ಮರದಿಂದ ಕದಿಯುವುದು ನೀರು, ಲವಣ. ಆದ್ದರಿಂದ ಹಸಿರು ನೋಡಿ ಪಾಸು ಮಾಡುವ ಹಾಗಿಲ್ಲ.

ಆಗ ನನಗೆ ನನ್ನ ತಪ್ಪು ಹೊಳೆಯಿತು. ನಮ್ಮ ವಿಭಾಗದಲ್ಲಿ ಪ್ರತಿ ಬಿಡಿಭಾಗಕ್ಕೂ ಎರಡು ಮಾದರಿ ಇಟ್ಟಿರುತ್ತೇವೆ, ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಹೊಸಬರಿಗೆ ಮೊದಲು ಕೆಟ್ಟದ್ದನ್ನೇ ಕೈಗೆ ಕೊಡುತ್ತೇವೆ. ನಾನು ಇಷ್ಟು ದಿನ ಬದನಿಕೆ ಅಲ್ಲ, ಬದನಿಕೆ ಅಲ್ಲ ಅಂತ ವಾದ ಮಾಡುತ್ತಿದ್ದೆ, ಒಂದು ಬದನಿಕೆಯನ್ನಾದರೂ ಕಣ್ಣಾರೆ ಹತ್ತಿರದಿಂದ ನೋಡಿರಲಿಲ್ಲ.

ಹುಡುಕಲು ದೂರ ಹೋಗಬೇಕಾಗಲಿಲ್ಲ. ಕಂಪನಿಯ ಗೇಟಿನೆದುರು, ಟೀ ಅಂಗಡಿಯ ಮೇಲೆ ಬಾಗಿದ ಹೊಂಗೆ ಮರದಲ್ಲೇ ಇತ್ತು. ದಿನಾ ಅದರ ಕೆಳಗೆ ಟೀ ಕುಡಿಯುತ್ತಿದ್ದೆ. ಟೀ ಅಂಗಡಿಯವನ ಸ್ಟೂಲು ಹತ್ತಿ ಕೊಂಬೆ ಬಗ್ಗಿಸಿ ನೋಡಿದೆ. ಅವನು "ಸಾರ್, ಬಿದ್ದೀರಾ" ಅಂತ ಸ್ಟೂಲಿನ ಕಾಲು ಹಿಡಿದುಕೊಂಡ. ಹೊಂಗೆಯ ಎಳೆ ಎಲೆಗಳ ನಡುವೆ ಬೇರೊಂದು ಜಾತಿಯ ಎಲೆ, ದಪ್ಪ, ಬೂದುಹಸಿರು. ಕೊಳವೆಯ ಹಾಗಿರುವ ಕೇಸರಿ ಹೂಗಳ ಗೊಂಚಲು. ಅವಕ್ಕೆ ಮೂತಿ ತೂರಿಸುತ್ತಿದ್ದ ಹೆಬ್ಬೆರಳಿನಷ್ಟು ಹಕ್ಕಿ ನನ್ನನ್ನು ಬೈದು ಹಾರಿಹೋಯಿತು. ನನಗೆ ಬೇಕಿದ್ದದ್ದು ಕೂಡುವ ಜಾಗ. ಅಲ್ಲಿ ಬೇರು ಅಂತ ನೇತಾಡುವಂಥದ್ದು ಏನೂ ಇರಲಿಲ್ಲ. ಕೊಂಬೆ ಮಂಡಿಯ ಹಾಗೆ ಊದಿಕೊಂಡು, ಯಾವುದು ಹೊಂಗೆ ಯಾವುದು ಬದನಿಕೆ ಅಂತ ಬೇರೆ ಮಾಡಲಾಗದ ಹಾಗೆ ಒಂದರೊಳಗೊಂದು ಬೆಸೆದುಹೋಗಿತ್ತು. ಊದಿದ ಜಾಗದಿಂದ ಆಚೆಗೆ ಹೊಂಗೆಯ ಕೊಂಬೆ ಸೊರಗಿ ಒಣಗಿತ್ತು. ಇದಕ್ಕೆ ಬಾಯಿ ಇತ್ತು.

ಸಂಜೆ ಮನೆಗೆ ಬಂದವನು ಬೂಟು ಬಿಚ್ಚದೆ ತಾರಸಿಗೆ ಓಡಿದೆ. ನಮ್ಮ ಕವಲಿನಲ್ಲಿ ಊತ ಇಲ್ಲ ಅಂತ ಖಚಿತ ಮಾಡಿಕೊಳ್ಳುವುದು ನನ್ನ ಉದ್ದೇಶ. ಇರಲಿಲ್ಲ. ಬೇರುಗಳು ತೊಗಟೆಯ ಮೇಲೆ ಹರಡಿದ್ದವು, ಕವಲು ಆರೋಗ್ಯವಾಗಿತ್ತು. ಆಮೇಲೆ ತಲೆ ಎತ್ತಿದೆ. ಕವಲಿನಿಂದ ಮೇಲಕ್ಕೆ ಹೋದ ಕೊಂಬೆಯ ತುದಿಯಲ್ಲಿ ಅದೇ ಊದಿದ ಮಂಡಿ. ಅದೇ ಬೂದುಹಸಿರು ದಪ್ಪ ಎಲೆ. ಪಕ್ಕದ ಕೊಂಬೆಯಲ್ಲಿ ಇನ್ನೊಂದು. ಕೆಳಗಿನಿಂದ ನೋಡಿದರೆ ಮಾವಿನ ಎಲೆಯಲ್ಲಿ ಮಾವಿನ ಎಲೆಯಾಗಿ ಸೇರಿಹೋಗುವಂಥದ್ದು. ವರ್ಷಾ ವರ್ಷಾ ಈ ಮನೆಯವರು "ಮೇಲುಗಡೆ ಎಂಗೆ ಚಿಗುರ್ಕಂಡದೆ ನೋಡು" ಅಂತ ಸಮಾಧಾನ ಪಡುತ್ತಿದ್ದದ್ದು ಅದನ್ನೇ ನೋಡಿ. ಕೈಗೆ ಸಿಕ್ಕಿದ ಆರ್ಕಿಡ್ಡನ್ನು ಕೆರೆದು ಕೆರೆದು ಎಸೆದಿದ್ದರು. ಮರ ತಿನ್ನುವ ಬದನಿಕೆ ತುದಿಯಲ್ಲಿ ಹಾಯಾಗಿ ಬೆಳೆದಿತ್ತು.

ತಕ್ಷಣ ಹೋಗಿ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಹೂವಿನ ತನಕ ಅಂತ ಅತ್ತೆಗೆ ಮಾತು ಕೊಟ್ಟಿದ್ದೆ, ಹೂ ಬರಲಿ. ಅದೂ ಅಲ್ಲದೆ, ಗೆದ್ದೆ ಅಂತ ಬೀಗುವ ಮೊದಲು ಗೆದ್ದಿದ್ದೇನೆಯೇ ಅಂತ ನನಗೇ ಗೊತ್ತಾಗಬೇಕಿತ್ತು.

ಆ ವರ್ಷ ಮಾವು ಹೂ ಬಿಟ್ಟದ್ದೂ ಅಷ್ಟಕ್ಕಷ್ಟೆ, ಕಾಯಿ ಕಚ್ಚಿದ್ದೂ ಅಷ್ಟಕ್ಕಷ್ಟೆ. ಬಾಮೈದ ಟೇಪು ಹಿಡಿದು ಮರದ ಬುಡದ ಸುತ್ತ ಅಳೆಯಲು ಶುರು ಮಾಡಿದ. ಅತ್ತೆ ದಿನಾ ಒಂದು ಸಲ ತಾರಸಿಯ ಕಡೆ ನೋಡಿ, "ಏನಳಿಯಂದ್ರೇ, ನಿಮ್ ಚೀಟಿ ಊವು ಬಿಡ್ತಾ?" ಅನ್ನುವರು. ಮೇಲಿನ ಬಾಡಿಗೆ ಮನೆಯ ಒಡಿಶಾದ ಹೆಣ್ಣುಮಗಳು ಹಳದಿ ಚೀಟಿಯನ್ನು ಯಾವುದೋ ಹರಕೆ ಅಂದುಕೊಂಡು ಪಕ್ಕದಲ್ಲಿ ತನ್ನದೂ ಒಂದು ಕೆಂಪು ದಾರ ಕಟ್ಟಿದ್ದಳು. ಬಿಚ್ಚಲು ನನಗೆ ಮನಸ್ಸು ಬರಲಿಲ್ಲ. ಸಿಗುವ ಸಹಾಯವೆಲ್ಲ ಬೇಕಾಗಿತ್ತು.

ಮೇ ತಿಂಗಳಲ್ಲಿ, ಎರಡು ಮಳೆ ಬಿದ್ದ ಮೇಲೆ, ಎಲೆಯ ಬುಡದಿಂದ ಒಂದು ಕಡ್ಡಿ ಹೊರಟಿತು. ಅದು ಬೇರೋ ಹೂದಂಡವೋ ಅಂತ ಒಂದು ವಾರ ನನಗೆ ನಿದ್ದೆ ಇಲ್ಲ. ಮೊಗ್ಗು ಕಾಣಿಸಿತು. ಒಂದು ಭಾನುವಾರ ಬೆಳಿಗ್ಗೆ ಹೋಗಿ ನೋಡುತ್ತೇನೆ, ಅರಳಿದೆ. ಹಳದಿಹಸಿರು ದಳಗಳ ಮೇಲೆ ಕಂದು ಗೆರೆಗಳ ಚೌಕುಳಿ, ಥೇಟ್ ನಮ್ಮ ಬಾಮೈದನ ಲುಂಗಿ. ದಳದ ಬೆನ್ನು ಬಿಳಿ. ನಡುವೆ ನಾಲಗೆಯ ಹಾಗೆ ಚಾಚಿದ ಕೆಳದಳ ಮಾತ್ರ ನೀಲಿನೇರಳೆ. ಅಕಾಂಪೆಯಾಗಿದ್ದರೆ ಹೂ ಚಿಕ್ಕದಾಗಿ, ಹಳದಿಯ ಮೇಲೆ ಕೆಂಪು ಪಟ್ಟೆ ಬಂದು, ಬಿಳಿ ನಾಲಗೆ ಇರಬೇಕಿತ್ತು. ಚೌಕುಳಿ ಇಲ್ಲದ ಪುಟ್ಟ ಹಳದಿ ಹೂವಾಗಿದ್ದರೆ ಇನ್ನೊಂದು ವಾಂಡಾ. ಈ ಚೌಕುಳಿ, ಈ ನೀಲಿ ನಾಲಗೆ, ಇಲಿ ಕಚ್ಚಿದ ಎಲೆತುದಿ, ಮೂರೂ ಕೂಡಿದರೆ ವಾಂಡಾ ಟೆಸೆಲ್ಲೇಟಾ. ಆ ಹೆಸರಿನ ಎರಡನೆಯ ಪದಕ್ಕೇ ಚೌಕುಳಿ ಅಂತ ಅರ್ಥ. ಫೋಟೋ ನೋಡಿ ಗುಂಪಿನವರೂ ಹೌದೆಂದರು.

ಅತ್ತೆಯನ್ನು ಕರೆದೆ. ಮಂಡಿ ನೋವಿನಲ್ಲಿ ಮೆಟ್ಟಿಲಿಗೊಂದು ಸಲ ನಿಂತು ಹತ್ತಿಕೊಂಡು ಬಂದರು. ಹೂವಿನ ಮುಂದೆ ಬಂದವರು ನೋಡುವುದಕ್ಕೆ ಮೊದಲೇ ಮೂಸಿದರು. ಆಮೇಲೆ ಕಟ್ಟೆಯ ಮೇಲೆ ಕೂತುಬಿಟ್ಟರು.

"ಇದು ಇದರದಾ?" ಅಂದರು.

"ಏನು?"

"ಈ ವಾಸ್ನೆ. ನಾನು ಮದುವೆ ಆಗ್ ಬಂದಾಗ ತೋಪಿನಾಗೆ ಬ್ಯಾಸಿಗೇಲಿ ಬರ್ತಿತ್ತು. ಎಲ್ಲಿಂದ ಅಂತ ಉಡುಕ್ದೆ ಉಡುಕ್ದೆ, ಗೊತ್ತಾಗ್ಲಿಲ್ಲ. ನಿಮ್ ಮಾವನ್ನ ಕೇಳುದ್ರೆ, ನಿಂಗೆಲ್ಲೋ ಭ್ರಮೆ ಅಂದ್ಬುಟ್ರು." ಹೂವನ್ನು ಬೆರಳಿನಿಂದ ಮುಟ್ಟಿದರು. "ಸಂಕ್ರಾಂತಿಗೇ ಕೆರ್ದಾಕ್ಬುಡ್ತಿದ್ವಲ್ಲ. ಬ್ಯಾಸಿಗೆಗೆ ಊವು ಎಲ್ಲಿಂದ ಬತ್ತದೆ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕೈಗೆ ಎಟುಕದ ಈ ಕವಲಿನ ಗಿಡ ಮಾತ್ರ ಪ್ರತಿ ವರ್ಷ ಎಲೆಗಳ ಮರೆಯಲ್ಲಿ ಹೂ ಬಿಟ್ಟುಕೊಂಡು ಬಂದಿತ್ತು. ಗೆದ್ದ ಖುಷಿ ಎಲ್ಲಿ ಹೋಯಿತೋ. ಮೆಲ್ಲಗೆ ಅವರ ಕೈ ಹಿಡಿದು ಎಬ್ಬಿಸಿ ಮೇಲಿನ ಕೊಂಬೆಯ ಊತ ತೋರಿಸಿದೆ. ಹೊಂಗೆ ಮರದಿಂದ ಟೀ ಅಂಗಡಿಯವನು ಕಡಿದುಕೊಟ್ಟಿದ್ದ ಬದನಿಕೆಯ ಗಂಟನ್ನು ತಂದು ಅವರ ಕೈಗಿಟ್ಟೆ. ಅತ್ತೆ ಗಂಟನ್ನು ಸುತ್ತ ಸವರಿದರು, ಮೇಲೆ ನೋಡಿದರು, ಮತ್ತೆ ಗಂಟನ್ನು ಸವರಿದರು. ಕೆಳಗಿಳಿದು ಹೋಗಿ ಮಗನನ್ನು ಎಬ್ಬಿಸಿದರು.

ಬಾಮೈದ ಅವತ್ತೇ ಎರಡೂ ಕೊಂಬೆಗಳನ್ನು ಊತದಿಂದ ಒಂದು ಮೊಳ ಕೆಳಗೆ ಗರಗಸದಲ್ಲಿ ಕೊಯ್ದ. ಆರ್ಕಿಡ್ಡಿನ ಕವಲು ಅದಕ್ಕಿಂತ ಕೆಳಗಿತ್ತು, ಉಳಿಯಿತು. "ಭಾವ, ಮೊದ್ಲೇ ಹೇಳೋದಲ್ವಾ" ಅಂದ. ಟೇಪು ಮತ್ತೆ ಹೊರಗೆ ಬರಲಿಲ್ಲ. ಈ ವರ್ಷದ ಸಂಕ್ರಾಂತಿಯ ಹೊತ್ತಿಗೆ, ಕೊಯ್ದ ಜಾಗದ ಸುತ್ತ ಚಿಗುರಿದ್ದ ರೆಂಬೆಗಳಿಗೆ ಇನ್ನೂ ಎಳೆತನವಿದ್ದರೂ, ಮಿಕ್ಕ ಮರದ ತುಂಬ ಹೂ ಬಂದಿತ್ತು. ಕಾಯಿ ಎಷ್ಟು ಕಚ್ಚುತ್ತದೋ ಆ ಮಾತು ಬೇರೆ. ಅತ್ತೆ ಮಾತ್ರ ಜಾಡಿ ತೊಳೆದು ಬಿಸಿಲಿಗಿಟ್ಟಾಗಿತ್ತು.

ಹಬ್ಬದ ಮಾರನೆಯ ದಿನ ಎಲ್ಲರೂ ಮರದ ಕೆಳಗೆ ಸೇರಿದರು. ನನ್ನ ಕುರ್ಚಿ ಹಾಕಿಯಾಗಿತ್ತು, ಕಬ್ಬೂ ಇತ್ತು. ಬಾಮೈದ ಪಂಚೆ ಎತ್ತಿ ಕಟ್ಟಿ ಮಚ್ಚಿನ ಅಲಗನ್ನು ಬೆರಳಿನಲ್ಲಿ ನೋಡುತ್ತಿದ್ದ. ಅತ್ತೆಯ ಅಣ್ಣ ಹಣೆಗೆ ಕೈ ಅಡ್ಡ ಹಿಡಿದು ಕವಲಿನ ಪೊದೆ ನೋಡಿದರು. ಮಳೆಗೆ ಬಣ್ಣ ಬಿಟ್ಟ ಚೀಟಿ ಇನ್ನೂ ನೇತಾಡುತ್ತಿತ್ತು.

"ಏನವ್ವಾ," ಅಂದರು ತಂಗಿಗೆ, "ಮರದ್ದೂ ತೆಗ್ಸಿಲ್ಲ, ಮನೇದೂ ತೆಗ್ಸಿಲ್ಲ?"

ಯಾರಾದರೂ ನಗುವ ಮೊದಲೇ ಅತ್ತೆ ಮಗನ ಕೈಯಿಂದ ಮಚ್ಚು ತೆಗೆದುಕೊಂಡರು. ನನ್ನ ಕುರ್ಚಿಯ ಮುಂದೆ ಬಂದು ನಿಂತು ಹಿಡಿ ನನ್ನ ಕಡೆ ಮಾಡಿ ಚಾಚಿದರು.

"ನೀವತ್ತಿ. ಯಾವ್ದು ತೆಗೀಬೇಕು ಯಾವ್ದು ಬುಡಬೇಕು, ನಿಮ್ಗೇ ಗೊತ್ತಾಗೋದು."

ನಾನು ಮರ ಹತ್ತಿದವನೇ ಅಲ್ಲ. ಆದರೂ ಕುರ್ಚಿ ಬಿಟ್ಟು ಎದ್ದೆ. ಅತ್ತೆಯ ಅಣ್ಣ ಗಾಬರಿಯಾಗಿ ಎದ್ದರು. "ಅಳಿಯನ್ ಕೈಲಿ ಕೆಲ್ಸ ಮಾಡುಸ್ತಾರೇನವ್ವಾ? ಇತ್ತ ಕೊಡು, ನಾನು ಅತ್ತುತೀನಿ."

"ನೀನು ಕೂತ್ಕಳಣ್ಣಾ," ಅಂದರು ಅತ್ತೆ, ನನ್ನ ಖಾಲಿ ಕುರ್ಚಿಯನ್ನು ಅವರ ಕಡೆ ಎಳೆದು. "ನೀನು ನೆಂಟ. ನಾವು ಮನೆಯೋರು ಮಾಡ್ಕತೀವಿ."